ಬೆನ್ನಿಗೆ ಹೋದ ರೇಡಿಯೇಟರು

ಬಲ್ಮಠದ ಜ್ಯೋತಿ ವೃತ್ತದಲ್ಲಿ ಬೆಂಗಳೂರಿಗೆ ಹೊರಟ ವೋಲ್ವೊ ಬಸ್ಸೊಂದು ಪಕ್ಕದಲ್ಲೇ ಹಾದುಹೋದರೆ ಗಮನಿಸಿ. ಮುಂದೆ ಗಾಜೇ ಗಾಜು, ಸದ್ದು ಕಡಿಮೆ. ಬಸ್ಸು ದಾಟಿದ ಮೇಲೆ ಮಾತ್ರ ಬಿಸಿ ಗಾಳಿ ನಿಮ್ಮ ಕಾಲಿಗೆ ಬಡಿಯುತ್ತದೆ. ಎಂಜಿನ್ನೂ ಅದನ್ನು ತಣಿಸುವ ರೇಡಿಯೇಟರೂ ಹಿಂದೆಯೇ ಇವೆ. ಹಿಂಚಕ್ರದಾಚೆ ಮಗ್ಗುಲಲ್ಲಿ ಕಾಣುವ ಜಾಲರಿ ಅದರ ಮೂಗು.

ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ 1914ರಲ್ಲಿ ಮಂಗಳೂರಿನಲ್ಲಿ ಬಸ್ಸು ಓಡಿಸಲು ತೊಡಗಿದ ಕಾಲದಲ್ಲಿ ಈ ತೊಡಕು ಇರಲಿಲ್ಲ. ರೇಡಿಯೇಟರು ಬಂಡಿಯ ಮುಖದಲ್ಲೇ ಇರುತ್ತಿತ್ತು. ಓಟವೇ ಗಾಳಿಯನ್ನು ತಂದು ನೂಕುತ್ತಿತ್ತು. ಇಂಧನ ಉರಿದಾಗ ಹುಟ್ಟುವ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲನ್ನು ನೀರು ಹೊತ್ತೊಯ್ಯಬೇಕು. ಹೊತ್ತೊಯ್ಯದಿದ್ದರೆ ಸಿಲಿಂಡರಿನ ತಲೆ ಸೊಟ್ಟಗಾಗುತ್ತದೆ, ಪಿಸ್ಟನ್ ಕಚ್ಚಿಕೊಳ್ಳುತ್ತದೆ.

ಎಂಜಿನ್ನನ್ನು ಹಿಂದಕ್ಕೆ ಒಯ್ದರೆ? ರೇಡಿಯೇಟರನ್ನು ಮುಂದೆಯೇ ಬಿಟ್ಟು ಉದ್ದನೆಯ ಕೊಳವೆ ಎಳೆಯಬಹುದು. ಆದರೆ ನೀರು ಹೆಚ್ಚು ಬೇಕು, ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡೀತು. ಅದನ್ನೂ ಹಿಂದಕ್ಕೊಯ್ದರೆ ಕೊಳವೆ ಮೋಟಾಗುತ್ತದೆ, ಗಾಳಿ ಮಾತ್ರ ಕೈಕೊಡುತ್ತದೆ.

ಇದರ ಪಾಠವನ್ನು ಇಟಲಿಯ ಲ್ಯಾಂಬೋರ್ಗಿನಿ ಕಂಪನಿ ಕಲಿತದ್ದು ಒಂದು ಸ್ಪೋರ್ಟ್ಸ್ ಕಾರಿನಲ್ಲಿ. 1971ರ ಜಿನೀವಾ ಪ್ರದರ್ಶನದಲ್ಲಿ ಮಾರ್ಚೆಲ್ಲೊ ಗಂಡೀನಿ ವಿನ್ಯಾಸದ ಕೌಂಟಾಕ್ ಜನರ ಕಣ್ಣು ಕುಕ್ಕಿತು. ಬೆಣೆಯಂಥ ಮೈ, ಕಿಟಕಿಯ ಹಿಂದೆ ಮೀನಿನ ಕಿವಿರಿನಂಥ ಸೀಳುಗಳು. ನೋಡಲು ಚಂದ. ಪರೀಕ್ಷೆಗೆ ಓಡಿಸಿದಾಗ ಎಂಜಿನ್ನು ಕಾದು ಕಂಗೆಟ್ಟಿತು. ಕಾರಣ ಸರಳ: ಮೈಗೆ ಅಂಟಿಕೊಂಡು ಸಾಗುವ ಗಾಳಿ ಪಕ್ಕದ ಸೀಳಿನತ್ತ ತಾನಾಗಿ ಹೊರಳುವುದಿಲ್ಲ. ಕೊನೆಗೆ ಚೆಲುವನ್ನು ಕೊಂಚ ಬಿಟ್ಟುಕೊಟ್ಟರು. 1974ರಲ್ಲಿ ಮಾರಾಟಕ್ಕೆ ಬಂದ ಕಾರಿನ ಹೆಗಲ ಮೇಲೆ ದೊಡ್ಡ ಗಾಳಿಪೆಟ್ಟಿಗೆಗಳು ಎದ್ದಿದ್ದವು. ಪಕ್ಕದಲ್ಲಿ, ಅಮೆರಿಕದ ವೈಮಾನಿಕ ಸಂಸ್ಥೆ ನಾಕಾ 1940ರ ದಶಕದಲ್ಲಿ ರೂಪಿಸಿದ್ದ ತ್ರಿಕೋನಾಕಾರದ ತಗ್ಗುಗಳು. (ನನ್ನನ್ನು ಕೇಳಿದರೆ, ಆ ಪೆಟ್ಟಿಗೆಗಳಿಲ್ಲದ ಕೌಂಟಾಕ್ ಅರ್ಧ ಕಾರು.)

ಫ್ರಾನ್ಸಿನ ಆಲ್ಪೀನ್ ಎ110 ಕಾರೂ 1962ರಲ್ಲಿ ರೇಡಿಯೇಟರನ್ನು ಬೆನ್ನಿಗೇ ಹೊತ್ತು ಬಂತು. ಎಂಜಿನ್ನಿನ ಬಲ ಏರಿದಂತೆ ಅದನ್ನು ಮುಂದಕ್ಕೆ ಸಾಗಿಸಬೇಕಾಯಿತು.

ಒಳಬಾಗಿಲಿಗಿಂತ ಹೊರಬಾಗಿಲೇ ಮುಖ್ಯವೆಂಬುದು ಹಲವರಿಗೆ ಹೊಳೆಯುವುದಿಲ್ಲ. ಗಾಳಿ ಹರಿಯುವುದು ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ. ಓಡುವ ಬಂಡಿಯ ಬೆನ್ನಹಿಂದೆ ಒತ್ತಡ ಕಡಿಮೆ. ಕಾದ ಗಾಳಿಯನ್ನು ಅಲ್ಲಿಗೆ ಬಿಟ್ಟರೆ ಅದು ತಾನಾಗಿ ಹೊರಗೆ ಸೆಳೆದುಕೊಳ್ಳುತ್ತದೆ. ರೇಡಿಯೇಟರಿನ ಅಂಚಿನಲ್ಲಿ ಸಂದು ಉಳಿದರೆ ಅದೇ ಬಿಸಿ ಗಾಳಿ ಸುತ್ತಿಬಂದು ಮತ್ತೆ ಒಳನುಗ್ಗುತ್ತದೆ. ಎಷ್ಟು ದೊಡ್ಡ ಪಂಖ ಹಾಕಿದರೂ ಆಗ ವ್ಯರ್ಥ.

ವೋಲ್ವೊ ಕಂಪನಿ 2001ರಲ್ಲಿ ಬಿ7ಆರ್ ಬಸ್ಸನ್ನು ಭಾರತಕ್ಕೆ ತಂದಾಗ, ಲಾರಿಯ ಅಡಿಗಟ್ಟಿನ ಮೇಲೆ ಕಟ್ಟಿದ, ಮುಂದೆ ಎಂಜಿನ್ನಿನ ಬಸ್ಸುಗಳೇ ನಮಗೆ ರೂಢಿ. ಶಿರಾಡಿ ಘಾಟಿಯಲ್ಲಿ ಹಿಂಬದಿಯ ಎಂಜಿನ್ನಿಗೆ ನಿಜವಾದ ಪರೀಕ್ಷೆ. ತುಂಬಿದ ಬಸ್ಸು, ತಗ್ಗಿದ ಗೇರು, ನಿಧಾನದ ಏರು: ಶಾಖ ಗರಿಷ್ಠ, ಓಟದ ಗಾಳಿ ಕನಿಷ್ಠ. ಅಲ್ಲಿ ಎಲ್ಲ ಭಾರವೂ ಪಂಖದ ಮೇಲೆ. ರೇಡಿಯೇಟರು ಮಗ್ಗುಲಲ್ಲಿದ್ದರೆ ಪಂಖದ ಅಕ್ಷ ಎಂಜಿನ್ನಿಗೆ ಅಡ್ಡವಾಗುತ್ತದೆ; ಹಳೆಯ ನೇರ ಬೆಲ್ಟು ಸಾಲದು, ಹೈಡ್ರಾಲಿಕ್ ಮೋಟಾರೋ ತಿರುವು ಹಾಕಿದ ಬೆಲ್ಟೋ ಬೇಕು.

ಜೊತೆಗೆ ನಮ್ಮ ಮಳೆಗಾಲ. ಹಿಂಚಕ್ರ ಎರಚುವ ಕೆಂಪು ಕೆಸರು ನೇರ ಆ ಜಾಲರಿಗೇ ಬಡಿದು ಒಣಗುತ್ತದೆ. ಗಾಳಿಯ ದಾರಿ ಕಟ್ಟಿದರೆ ಬಸ್ಸು ಘಾಟಿಯ ನಡುವೆ ನಿಂತೀತು. ಹಾಗಾಗಿ ಡಿಪೋದಲ್ಲಿ ನೀರಿನ ಪೈಪು ಹಿಡಿದವನು ಮುಂದಿನ ಗಾಜಿನ ಜೊತೆಗೆ ಹಿಂದಿನ ಜಾಲರಿಯನ್ನೂ ತೊಳೆಯಲೇಬೇಕು.