ಪ್ರಾಣಿಗಳ ವೈಜ್ಞಾನಿಕ ಚಿತ್ರ: ರಚನೆ, ಒಪ್ಪಂದ ಮತ್ತು ಹಕ್ಕು

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಹೋಬಳಿಯ ಕಡೆಯಿಂದ ಸಂಗಮಕ್ಕೆ ಹೋದರೆ ಅರ್ಕಾವತಿಯು ಕಾವೇರಿಯನ್ನು ಕೂಡುವ ತಾಣ ಸಿಗುತ್ತದೆ. ಈ ಭಾಗದ ಕಾವೇರಿ ಮಹಶೀರ್ ಮೀನಿಗೆ ಹೆಸರುವಾಸಿ. ಗೂನು ಬೆನ್ನಿನ, ಕಿತ್ತಳೆ ಬಣ್ಣದ ಈಜುರೆಕ್ಕೆಗಳ ಮಹಶೀರ್ ಕಾವೇರಿ ಹಾಗೂ ಅದರ ಉಪನದಿಗಳ ಸ್ವಂತ ಮೀನು. ಇದೇ ನೀರಿಗೆ 1970ರ ದಶಕದಿಂದೀಚೆಗೆ ನೀಲಿ ರೆಕ್ಕೆಯ ಮತ್ತೊಂದು ಮಹಶೀರ್‌ನ ಮರಿಗಳನ್ನು ತಂದು ಬಿಡಲಾಯಿತು. ಹೊರಗಿನದು ಹೆಚ್ಚಿತು, ಸ್ವಂತದ್ದು ಕ್ಷೀಣಿಸಿತು. ಎರಡನ್ನೂ ಒಂದೇ 'ಮಹಶೀರ್' ಎಂದು ಎಣಿಸುತ್ತಿದ್ದ ಕಾರಣ ಈ ನಷ್ಟ ಬಹುಕಾಲ ಕಣ್ಣಿಗೆ ಬೀಳಲಿಲ್ಲ.

ಬೇಟೆಗಾರರ ಬಾಯಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಪ್ರಸಿದ್ಧವಾಗಿದ್ದ ಗೂನು ಬೆನ್ನಿನ ಮೀನಿಗೆ ಖಚಿತ ವೈಜ್ಞಾನಿಕ ಹೆಸರು ದೊರೆತದ್ದು 2018ರಲ್ಲಿ. ಕೇರಳದ ಪಂಬಾರ್ ಹೊಳೆಯ ಮಾದರಿಗಳಿಗೆ 2007ರಲ್ಲಿ ಇಟ್ಟಿದ್ದ 'ಟಾರ್ ರೆಮಾದೇವಿ' ಎಂಬ ಹೆಸರೇ ಇದಕ್ಕೂ ಸಲ್ಲುತ್ತದೆ ಎಂದು 'ಪ್ಲಾಸ್ ಒನ್' ಪತ್ರಿಕೆಯ ಲೇಖನವೊಂದು ತೋರಿಸಿತು. ಅದೇ ವರ್ಷ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅದು 'ಅಳಿವಿನ ತೀವ್ರ ಅಂಚಿನಲ್ಲಿರುವ' ಪ್ರಭೇದವಾಗಿ ಸೇರಿತು. ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ತೋರಿಸುವುದೇ ವೈಜ್ಞಾನಿಕ ಚಿತ್ರದ ಕೆಲಸ. ರೆಕ್ಕೆಯ ಬಣ್ಣ ತಪ್ಪಿದರೆ ಚಿತ್ರ ಸುಂದರವಾಗಿದ್ದರೂ ಬೇರೆ ಮೀನಿನದಾಗುತ್ತದೆ.

ಚಿತ್ರ ಸಿದ್ಧವಾಗುವ ಬಗೆ

ಛಾಯಾಚಿತ್ರವು ಒಂದು ಪ್ರಾಣಿಯನ್ನು ಒಂದು ಕ್ಷಣದಲ್ಲಿ ತೋರಿಸುತ್ತದೆ. ವೈಜ್ಞಾನಿಕ ಚಿತ್ರವಾದರೋ ಹಲವು ಮಾದರಿಗಳನ್ನು ಪರಿಶೀಲಿಸಿ, ಆ ಪ್ರಭೇದಕ್ಕೆ ಸಾಮಾನ್ಯವಾದ ಲಕ್ಷಣಗಳನ್ನು ಒಂದೆಡೆ ಕೂಡಿಸುತ್ತದೆ.

ಕಲಾವಿದರು ಮೊದಲು ಅಳತೆ ತೆಗೆಯುತ್ತಾರೆ. ಮೀನಾದರೆ ದೇಹದ ಉದ್ದ, ಎತ್ತರ, ಕಣ್ಣಿನ ವ್ಯಾಸ, ಪಾರ್ಶ್ವರೇಖೆಯ ಮೇಲಿನ ಹುರುಪೆಗಳು, ಪ್ರತಿ ಈಜುರೆಕ್ಕೆಯ ಕಡ್ಡಿಗಳು, ಬಾಯಿಯ ಬಳಿಯ ಮೀಸೆಗಳು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮೀನಿನ ತಲೆ ಎಡಕ್ಕಿರುವಂತೆ, ಬೆಳಕು ಎಡಮೇಲ್ಭಾಗದಿಂದ ಬೀಳುವಂತೆ ಬರೆಯುವುದು ರೂಢಿ. ಕಪ್ಪುಬಿಳುಪಿನ ಚಿತ್ರದಲ್ಲಿ ನೆರಳನ್ನು ಶಾಯಿಯ ಚುಕ್ಕೆಗಳಿಂದ ಮೂಡಿಸುತ್ತಾರೆ. ಸಣ್ಣ ಕೀಟಗಳಿಗೆ ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಕ್ಯಾಮೆರಾ ಲೂಸಿಡಾ ನೆರವಾಗುತ್ತದೆ. ಈಗ ಕಂಪ್ಯೂಟರಿನಲ್ಲೇ ಬಣ್ಣ ತುಂಬುವವರೂ ಅನೇಕರು.

ಬಣ್ಣದ ವಿಷಯದಲ್ಲಿ ಒಂದು ತೊಡಕಿದೆ. ಫಾರ್ಮಲಿನ್ ಅಥವಾ ಮದ್ಯಸಾರದಲ್ಲಿ ಕಾಪಿಟ್ಟ ಮೀನಿನ ಬಣ್ಣ ಮಾಸಿಹೋಗುತ್ತದೆ. ಮಹಶೀರ್ ರೆಕ್ಕೆಯ ಕಿತ್ತಳೆ, ನೀಲಿ ಛಾಯೆಗಳು ಜಾಡಿಯಲ್ಲಿ ಉಳಿಯುವುದಿಲ್ಲ. ಸಂಗಮದ ಸುತ್ತಲಿನ ನದಿಯು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮದ ಭಾಗ. ಅಲ್ಲಿ ಅನುಮತಿಯಿಲ್ಲದೆ ಮೀನು ಹಿಡಿಯುವಂತಿಲ್ಲ. ಹೀಗಾಗಿ ಜೀವಂತ ಮೀನಿನ ಛಾಯಾಚಿತ್ರ, ಸ್ಥಳದಲ್ಲೇ ಬರೆದ ಬಣ್ಣದ ಟಿಪ್ಪಣಿ ಮತ್ತು ವಸ್ತುಸಂಗ್ರಹಾಲಯದ ಮಾದರಿ ಮೂರನ್ನೂ ಹೋಲಿಸಿ ಬರೆಯಬೇಕಾಗುತ್ತದೆ. ಪೆನ್ಸಿಲ್ ಕರಡನ್ನು ವಿಷಯತಜ್ಞರು ತಿದ್ದಿದ ಮೇಲೆಯೇ ಶಾಯಿ, ಬಣ್ಣ.

ಕೆಲಸ ವಹಿಸುವಾಗ

ಸಂಶೋಧಕರು, ಪಠ್ಯಪುಸ್ತಕ ಪ್ರಕಾಶಕರು, ಸರಕಾರಿ ಇಲಾಖೆಗಳು ಮತ್ತು ಸ್ವಯಂಸೇವಾ ಸಂಸ್ಥೆಗಳು ಇಂಥ ಚಿತ್ರಗಳನ್ನು ಬರೆಸುತ್ತವೆ. ಕೆಲಸ ಆರಂಭವಾಗುವ ಮುನ್ನ ಈ ಸಂಗತಿಗಳು ಲಿಖಿತವಾಗಿ ಇತ್ಯರ್ಥವಾಗುವುದು ಲೇಸು:

* ಪ್ರಭೇದ, ಲಿಂಗ, ವಯಸ್ಸು, ಚಿತ್ರದ ಭಂಗಿ ಮತ್ತು ಅಳತೆ
* ಮಾದರಿ, ಛಾಯಾಚಿತ್ರ ಒದಗಿಸುವವರು ಯಾರು, ಕರಡನ್ನು ಒಪ್ಪುವವರು ಯಾರು
* ಎಷ್ಟು ಬಾರಿ ತಿದ್ದುಪಡಿ, ಮುಂಗಡ ಎಷ್ಟು, ಕೆಲಸ ನಡುವೆ ನಿಂತರೆ ಸಂಭಾವನೆ ಎಷ್ಟು
* ಚಿತ್ರ ಎಲ್ಲಿ, ಎಷ್ಟು ಕಾಲ ಬಳಕೆಯಾಗುತ್ತದೆ
* ಮೂಲಚಿತ್ರ ಯಾರ ಬಳಿ ಉಳಿಯುತ್ತದೆ

ಹಕ್ಕು ಯಾರದು?

ಚಿತ್ರ ಬರೆದವರೇ ಅದರ ಹಕ್ಕುದಾರರು ಎಂಬುದು ಸಾಮಾನ್ಯ ತಿಳಿವಳಿಕೆ. ಅದು ಪೂರ್ಣ ಸತ್ಯವಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದ 17ನೇ ಕಲಮಿನ ಪ್ರಕಾರ, ಒಬ್ಬರ ಕೋರಿಕೆಯ ಮೇರೆಗೆ ಹಣ ಪಡೆದು ರಚಿಸಿದ ವರ್ಣಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಬರೆಸಿದವರೇ ಮೊದಲ ಮಾಲೀಕರು. ಉದ್ಯೋಗದ ಅಂಗವಾಗಿ ನೌಕರರು ಬರೆದ ಚಿತ್ರ ಸಾಮಾನ್ಯವಾಗಿ ಸಂಸ್ಥೆಗೆ ಸೇರುತ್ತದೆ. ಒಂದು ಸಾಲಿನ ಒಪ್ಪಂದವನ್ನೂ ಮಾಡಿಕೊಳ್ಳದ ಕಲಾವಿದರು ತಮ್ಮದೇ ಚಿತ್ರವನ್ನು ಮತ್ತೊಬ್ಬರಿಗೆ ಕೊಡಲಾರದ ಸ್ಥಿತಿಗೆ ಬರುವುದು ಹೀಗೆ.

ಹಕ್ಕಿನ ವರ್ಗಾವಣೆಗೂ ಪರವಾನಗಿಗೂ ವ್ಯತ್ಯಾಸವಿದೆ. ವರ್ಗಾವಣೆಯಲ್ಲಿ ಹಕ್ಕೇ ಕೈಬದಲಾಗುತ್ತದೆ. ಪರವಾನಗಿಯಲ್ಲಿ ಹಕ್ಕು ಮಾಲೀಕರಲ್ಲೇ ಉಳಿದು, ನಿಗದಿತ ಬಳಕೆಗೆ ಮಾತ್ರ ಅನುಮತಿ ದೊರೆಯುತ್ತದೆ. ವರ್ಗಾವಣೆ ಪತ್ರ ಲಿಖಿತವಾಗಿರಬೇಕು, ಸಹಿ ಇರಬೇಕು. ಅದರಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷ, ವ್ಯಾಪ್ತಿ ನಮೂದಿಸದಿದ್ದರೆ ಭಾರತ ಮಾತ್ರ ಎಂದು 19ನೇ ಕಲಮು ಭಾವಿಸುತ್ತದೆ. ಹಕ್ಕು ಮಾರಿದ ಮೇಲೂ ಚಿತ್ರ ತನ್ನದೆಂದು ಹೇಳಿಕೊಳ್ಳುವ ಮತ್ತು ತನ್ನ ಗೌರವಕ್ಕೆ ಕುಂದು ತರುವ ವಿರೂಪವನ್ನು ತಡೆಯುವ ಅಧಿಕಾರ 57ನೇ ಕಲಮಿನಂತೆ ಕಲಾವಿದರಲ್ಲಿ ಉಳಿಯುತ್ತದೆ.

ಉಚಿತವಾಗಿ ಬಳಸಬಹುದಾದ ಚಿತ್ರಗಳೂ ಇವೆ. ಭಾರತದಲ್ಲಿ ಕಲಾಕೃತಿಯ ಹಕ್ಕು ರಚನೆಕಾರರ ಜೀವಿತಾವಧಿ ಮತ್ತು ನಂತರದ 60 ವರ್ಷ ಇರುತ್ತದೆ. 1889ರಲ್ಲಿ ನಿಧನರಾದ ಫ್ರಾನ್ಸಿಸ್ ಡೇ ಅವರ 'ದಿ ಫಿಷಸ್ ಆಫ್ ಇಂಡಿಯಾ' (1875–78) ಗ್ರಂಥದ ಫಲಕಗಳು ಇಂದು ಎಲ್ಲರ ಸ್ವತ್ತು. ಆದರೆ ಆಗ ಇಂದಿನ ಪ್ರಭೇದ ವಿಂಗಡಣೆ ಇರಲಿಲ್ಲವಾದ್ದರಿಂದ ಅಲ್ಲಿನ ಹೆಸರುಗಳನ್ನು ಪರಿಶೀಲಿಸದೆ ಬಳಸಬಾರದು. 'ಪ್ಲಾಸ್ ಒನ್'ನಂಥ ಮುಕ್ತ ಪತ್ರಿಕೆಯ ಚಿತ್ರಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ, ಕರ್ತೃವಿನ ಹೆಸರು ನೀಡಿ ಮರುಬಳಸಬಹುದು. ಅಂತರ್ಜಾಲದಲ್ಲಿ ಕಂಡದ್ದೆಲ್ಲ ಉಚಿತವಲ್ಲ.

ಒಟ್ಟಿನಲ್ಲಿ ಚಿತ್ರದ ಕೆಳಗೆ ಎರಡು ಹೆಸರುಗಳಿರಬೇಕು. ಒಂದು ಪ್ರಾಣಿಯದು, ಇನ್ನೊಂದು ಬರೆದವರದು. ಮೊದಲನೆಯದು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕಾವೇರಿಯ ಗೂನು ಬೆನ್ನಿನ ಮಹಶೀರ್ ಸಾಕ್ಷಿ. ಎರಡನೆಯದು ತಪ್ಪದಂತೆ ನೋಡಿಕೊಳ್ಳಲು ಒಂದು ಹಾಳೆಯ ಒಪ್ಪಂದ ಸಾಕು.