ಲಿಟ್ಲ್ ಮೋರ್ಟನ್ ಹಾಲ್ ಎಂಬ ಮರದ ಮನೆ

ಇಂಗ್ಲೆಂಡ್ ದೇಶದ ವಾಯವ್ಯ ಭಾಗದ ಚೆಷೈರ್ ಪ್ರಾಂತದಲ್ಲಿ, ಕಾಂಗಲ್ಟನ್ ಎಂಬ ಪಟ್ಟಣದಿಂದ ನೈರುತ್ಯಕ್ಕೆ ನಾಲ್ಕೈದು ಮೈಲಿಗಳ ದೂರದಲ್ಲಿ ಒಂದು ಪುರಾತನ ಗೃಹವಿದೆ. ಮೊದಲ ಸಲ ಕಂಡವರಿಗೆ ಅದು ಇಂದೋ ನಾಳೆಯೋ ಕುಸಿಯುವಂತೆ ತೋರುವುದು. ಗೋಡೆಗಳು ನೆಟ್ಟಗಿಲ್ಲ, ಕಿಟಕಿಗಳ ಸಾಲು ಅಲೆಯಂತೆ ಏರಿಳಿಯುವುದು, ಮೇಲಿನ ಅಂತಸ್ತು ಕೆಳಗಿನದಕ್ಕಿಂತ ಮುಂದಕ್ಕೆ ಚಾಚಿಕೊಂಡು ಅದನ್ನು ಅದುಮುತ್ತಿರುವಂತಿದೆ. ಸುತ್ತಲೂ ಸುಮಾರು 33 ಅಡಿ ಅಗಲದ ಕಂದಕವಿದ್ದು, ಅದರ ನಿಂತ ನೀರಿನಲ್ಲಿ ಈ ವಕ್ರರೂಪವು ಮತ್ತೊಮ್ಮೆ ಮೂಡಿರುವುದು. ಆದರೂ ಈ ಮನೆ ನಾಲ್ಕೂವರೆ ಶತಮಾನಗಳಿಗೂ ಮಿಕ್ಕು ನಿಂತುಕೊಂಡೇ ಇದೆ. ಬೀಳಬೇಕಾಗಿದ್ದುದು ಏಕೆ ಬೀಳಲಿಲ್ಲವೆಂದು ವಿಚಾರಿಸಹೊರಟರೆ ಬಡಗಿಯ ಜಾಣ್ಮೆ, ಒಡೆಯರ ದಾರಿದ್ರ್ಯ, ಕಡೆಗೆ ಕೆಲವರ ಶ್ರದ್ಧೆ, ಈ ಮೂರೂ ಕೂಡಿದ ಒಂದು ಚರಿತ್ರೆಯೇ ಹೊರಪಡುವುದು.

ಮಧ್ಯಯುಗದ ಇಂಗ್ಲೆಂಡಿನಲ್ಲಿ ಒಬ್ಬ ಒಡೆಯನ ಭೂಮಿ, ಅದರ ಒಕ್ಕಲುಗಳು ಮತ್ತು ಅಲ್ಲಿ ಅವನಿಗಿದ್ದ ನ್ಯಾಯಾಧಿಕಾರ ಇವೆಲ್ಲವನ್ನೂ ಒಟ್ಟಿಗೆ ‘ಮೇನರ್’ ಎನ್ನುತ್ತಿದ್ದರು. ಒಡೆಯನ ವಾಸಗೃಹವೇ ಮೇನರಿನ ಮನೆ. ಲಿಟ್ಲ್ ಮೋರ್ಟನ್ನಿನ ಒಡೆಯರು ಮೋರ್ಟನ್ ಎಂಬ ಮನೆತನದವರು. ಇವರು ರಾಜಾಸ್ಥಾನದಲ್ಲಿ ಹೆಸರುಗೊಂಡ ಪ್ರಭುಗಳಲ್ಲ. ಭೂಮಿಯನ್ನು ಕೊಂಡು, ಕೂಡಿಸಿ ಬೆಳೆದವರು. 1348ರ ಮಹಾಮಾರಿಯ ತರುವಾಯ ಅಗ್ಗವಾದ ನೆಲವನ್ನೂ, ಎಂಟನೆಯ ಹೆನ್ರಿ ರಾಜನು ಮಠಗಳನ್ನು ಮುಚ್ಚಿಸಿದಾಗ ಮಾರಾಟಕ್ಕೆ ಬಂದ ನೆಲವನ್ನೂ ಕೊಂಡು ತಮ್ಮ ಆಸ್ತಿಯನ್ನು ವೃದ್ಧಿಪಡಿಸಿಕೊಂಡರು. ಹದಿನಾರನೆಯ ಶತಮಾನದ ಮಧ್ಯಭಾಗದ ವೇಳೆಗೆ ಅವರಿಗೆ 1,360 ಎಕರೆ ಭೂಮಿಯಿದ್ದಿತು. ಹಿಟ್ಟಿನ ಗಿರಣಿ, ಹಣ್ಣಿನ ತೋಟಗಳು, ನೀರಿನ ಬಲದಿಂದ ಸುತ್ತಿಗೆಗಳನ್ನು ಆಡಿಸುವ ಕಬ್ಬಿಣದ ಕಮ್ಮಟವೂ ಇದ್ದುವು. ಹೀಗೆ ಹೊಸದಾಗಿ ಏಳಿಗೆ ಹೊಂದಿದವರಿಗೆ ತಮ್ಮ ಸಿರಿಯನ್ನು ನಾಲ್ವರ ಕಣ್ಣಿಗೆ ತೋರುವಂತೆ ಮನೆಯಾಗಿ ನಿಲ್ಲಿಸಬೇಕೆಂಬ ಆಸೆ ಹುಟ್ಟಿದುದು ಸಹಜವೇ.

ಆದರೆ ಈ ಮನೆಯನ್ನು ಯಾರೂ ಒಂದೇ ಸಲಕ್ಕೆ ಆಲೋಚಿಸಿ ಕಟ್ಟಲಿಲ್ಲ. ಸುಮಾರು 1504ರಿಂದ 1508ರೊಳಗೆ ವಿಲಿಯಂ ಮೋರ್ಟನ್ ಎಂಬವನು ಉತ್ತರದಿಕ್ಕಿನ ದೊಡ್ಡ ಹಜಾರವನ್ನೂ, ಅದಕ್ಕೆ ಹೊಂದಿದ ಪೂರ್ವದ ಕೆಲವು ಕೋಣೆಗಳನ್ನೂ ಕಟ್ಟಿಸಿದನು. 1559ರಲ್ಲಿ ಅದೇ ಹೆಸರಿನ ಎರಡನೆಯ ವಿಲಿಯಂ ಆ ಹಜಾರದ ನಡುವೆ ಒಂದು ಅಟ್ಟವನ್ನು ಹಾಕಿಸಿ, ಅಂಗಳದ ಕಡೆಗೆ ಚಾಚಿಕೊಂಡ ಎರಡು ದೊಡ್ಡ ಕಿಟಕಿಗಳನ್ನು ಸೇರಿಸಿದನು. ಅಟ್ಟವನ್ನು ಮುಂದೆ ತೆಗೆದುಹಾಕಿದರು, ಕಿಟಕಿಗಳು ಉಳಿದುವು. 1560ರಿಂದ 1562ರ ಸುಮಾರಿಗೆ ಅವನ ಮಗ ಜಾನನು ಹೆಬ್ಬಾಗಿಲಿರುವ ದಕ್ಷಿಣದ ಭಾಗವನ್ನು ಎಬ್ಬಿಸಿದನು. ಸುಮಾರು 1610ರಲ್ಲಿ ಒಂದು ಅಡಿಗೆಮನೆ ಮತ್ತು ಮದ್ಯ ಕಾಯಿಸುವ ಕೋಣೆ ಸೇರಿ, ಅಲ್ಲಿಗೆ ಕಟ್ಟಡದ ಬೆಳವಣಿಗೆ ಮುಗಿಯಿತು. ಒಂದು ನೂರು ವರ್ಷಗಳಲ್ಲಿ, ಬೇಕೆನಿಸಿದಾಗ ಬೇಕೆನಿಸಿದುದನ್ನು ಅಂಟಿಸುತ್ತ ಬಂದುದರ ಫಲವೇ ಈ ಗೃಹ.

ಅದರ ರಚನಾಕ್ರಮವನ್ನು ತಿಳಿಯದೆ ಅದರ ಆಯುಷ್ಯದ ಗುಟ್ಟು ತಿಳಿಯದು. ಕಲ್ಲುಮನೆಯಲ್ಲಿ ಭಾರವನ್ನು ಹೊರುವುದು ಗೋಡೆ; ಇಲ್ಲಿ ಭಾರವನ್ನು ಹೊರುವುದು ಓಕ್ ಮರದ ಚೌಕಟ್ಟು. ತಗ್ಗಾದ ಕಲ್ಲಿನ ತಳಗಟ್ಟಿನ ಮೇಲೆ ಅಡ್ಡತೊಲೆಗಳನ್ನು ಮಲಗಿಸಿ, ಅವುಗಳ ಮೇಲೆ ಕಂಬಗಳನ್ನು ನಿಲ್ಲಿಸಿ, ಕಂಬಕಂಬಕ್ಕೂ ಓರೆಯಾದ ಮರಗಳನ್ನು ಬಿಗಿಯುತ್ತಿದ್ದರು. ಚೌಕಟ್ಟಿನ ನಡುವಣ ತೆರಪನ್ನು ತಡಿಕೆ ಹೆಣೆದು, ಮಣ್ಣು ಮೆತ್ತಿ, ಗಾರೆ ಬಳಿದು ಮುಚ್ಚುತ್ತಿದ್ದರು. ಆ ಗೋಡೆ ಗಾಳಿ ಮಳೆಗಳಿಗೆ ಮರೆಯೇ ಹೊರತು ಆಧಾರವಲ್ಲ. ಒಂದು ತೊಲೆಯ ತುದಿಯನ್ನು ನಾಲಗೆಯಂತೆ ಕೆತ್ತಿ, ಮತ್ತೊಂದರಲ್ಲಿ ಕೊರೆದ ಗುಳಿಗೆ ಸೇರಿಸಿ, ಎರಡರಲ್ಲಿಯೂ ಹಾಯುವಂತೆ ಮರದ ಗೂಟವನ್ನು ಬಡಿಯುತ್ತಿದ್ದರು. ಓಕ್ ಮರವನ್ನು ಹಸಿಯಾಗಿರುವಾಗಲೇ ಕೆತ್ತುವುದು ಆ ಕಾಲದ ಬಡಗಿಗಳ ಪದ್ಧತಿ. ಒಣಗಿದ ಮೇಲೆ ಅದು ಉಳಿಗೆ ಸುಲಭವಾಗಿ ಬಗ್ಗದು. ಮನೆಯಾದ ಬಳಿಕ ಮರವು ಒಣಗುತ್ತ, ಮುರುಟುತ್ತ, ತಿರುಚುತ್ತ ಹೋಗುವುದು. ಅದರೊಡನೆ ಕೀಲುಗಳು ತುಸು ಓಲಾಡಿ ಹೊಸ ಸ್ಥಿತಿಗೆ ಹೊಂದಿಕೊಳ್ಳುವುವು. ಕಲ್ಲಿನ ಗೋಡೆ ಬಾಗಿದರೆ ಬಿರಿಯುವುದು. ಮರದ ಚೌಕಟ್ಟು ಬಾಗಿದರೆ ಬಾಗಿಯೇ ನಿಲ್ಲುವುದು.

ಈ ಕುಶಲತೆಗೆ ಹೆಸರಿಲ್ಲದೆ ಹೋಗಲಿಲ್ಲ. 1559ರ ಕಿಟಕಿಗಳ ಮೇಲ್ಪಟ್ಟಿಯಲ್ಲಿ ಒಂದು ಶಾಸನವನ್ನು ಕೆತ್ತಿದ್ದಾರೆ. ದೇವರು ಸರ್ವವಸ್ತುಗಳಲ್ಲಿ ಸರ್ವವೂ ಆಗಿರುವನೆಂದು ಅದು ಮೊದಲಾಗುವುದು. ಈ ಕಿಟಕಿಗಳನ್ನು ವಿಲಿಯಂ ಮೋರ್ಟನ್ ಮಾಡಿಸಿದನೆಂದು ಮುಂದುವರಿದು, ಬಡಗಿ ರಿಚರ್ಡ್ ಡೇಲ್ ದೇವರ ಕೃಪೆಯಿಂದ ಇವನ್ನು ಮಾಡಿದನೆಂದು ಮುಗಿಯುವುದು. ‘ಮಾಡಿಸಿದನು’ ಎಂಬುದಕ್ಕೂ ‘ಮಾಡಿದನು’ ಎಂಬುದಕ್ಕೂ ಮೂಲದಲ್ಲಿ ಒಂದೇ ಪದವಿದೆ. ಹಣ ಕೊಟ್ಟವನೂ ಉಳಿ ಹಿಡಿದವನೂ ಒಂದೇ ಕ್ರಿಯಾಪದವನ್ನು ಹಂಚಿಕೊಂಡಿದ್ದಾರೆ. ದೇಶದೇಶಗಳ ಭವ್ಯ ಮಂದಿರಗಳಲ್ಲಿ ಅರಸನ ಹೆಸರುಳಿದು ಕೆಲಸಗಾರನ ಹೆಸರಳಿದಿರುವುದೇ ಹೆಚ್ಚಾಗಿರಲು, ಒಬ್ಬ ಹಳ್ಳಿಯ ಒಡೆಯನ ಮನೆಯಲ್ಲಿ ಬಡಗಿಯ ಹೆಸರು ಅವನ ಪಕ್ಕದಲ್ಲಿ ನಿಂತಿರುವುದು ಗಮನಾರ್ಹವಾಗಿದೆ.

ಮನೆಗೆ ಬಂದ ದೊಡ್ಡ ಗಂಡಾಂತರವೂ ಆ ಕಾಲದ್ದೇ. ದಕ್ಷಿಣದ ಭಾಗವು ಏಳುತ್ತಿರುವಾಗಲೇ ಅದರ ಮೇಲೆ ಮತ್ತೊಂದು ಅಂತಸ್ತನ್ನು ಸೇರಿಸಬೇಕೆಂಬ ಬುದ್ಧಿ ಹುಟ್ಟಿದಂತೆ ತೋರುವುದು. ಮಳೆಗಾಲದಲ್ಲಿ ಮನೆಯವರು ಒಳಗೇ ನಡೆದಾಡುವುದಕ್ಕೆ, ಆಟವಾಡುವುದಕ್ಕೆ ಉದ್ದವಾದ ಮೊಗಸಾಲೆಯನ್ನು ಮೇಲಂತಸ್ತಿನಲ್ಲಿ ಕಟ್ಟಿಸುವುದು ಆಗಿನ ಸಿರಿವಂತರ ಹೊಸ ಶೋಕಿಯಾಗಿದ್ದಿತು. ಇಲ್ಲಿನ ಮೊಗಸಾಲೆ 68 ಅಡಿ ಉದ್ದವಾಗಿದೆ. ಅದರ ಮರದ ಹಲಗೆಗಳ ಹಿಂದೆ ಹದಿನೇಳನೆಯ ಶತಮಾನದ ಆದಿಯ ಟೆನಿಸ್ ಚೆಂಡುಗಳು ಸಿಕ್ಕಿವೆ. ಕೆಳಗಿನ ಕೋಣೆಗಳ ಚೌಕಟ್ಟಾದರೋ ಈ ಭಾರವನ್ನು ಎಣಿಸಿ ಮಾಡಿದುದಲ್ಲ. ಸಾಲದುದಕ್ಕೆ ಛಾವಣಿಗೆ ಹಾಸಿದುದು ದಪ್ಪವಾದ ಕಲ್ಲುಚಪ್ಪಡಿ. ಕೆಳಗಿನ ಅಂತಸ್ತುಗಳು ಬಗ್ಗತೊಡಗಿದುವು. ಇಂದು ಕಾಣುವ ವಕ್ರತೆಯ ಮೂಲ ಇದೇ. ಮೊಗಸಾಲೆಯ ಎರಡು ಕೊನೆಗಳ ಗೋಡೆಯಲ್ಲಿ ಗಾರೆಯ ಉಬ್ಬುಚಿತ್ರಗಳಿವೆ. ಒಂದರಲ್ಲಿ ಚಕ್ರವನ್ನು ತಿರುಗಿಸುವ ಅದೃಷ್ಟದೇವತೆ; ಅವಳ ಆಳ್ವಿಕೆ ಅಜ್ಞಾನದ್ದೆಂದು ಬರೆದಿದೆ. ಮತ್ತೊಂದರಲ್ಲಿ ಗೋಲವನ್ನು ಹಿಡಿದ ವಿಧಿದೇವತೆ. ಅವಳನ್ನಾಳುವುದು ಜ್ಞಾನವೆಂದು ಬರೆದಿದೆ. ರಾಬರ್ಟ್ ರೆಕಾರ್ಡ್ ಎಂಬ ಗಣಿತಜ್ಞನು 1556ರಲ್ಲಿ ಪ್ರಕಟಿಸಿದ ಖಗೋಳಗ್ರಂಥದ ಚಿತ್ರವೇ ಇವಕ್ಕೆ ಮಾದರಿ. ಜ್ಞಾನವನ್ನು ಹೊಗಳುವ ಈ ಚಿತ್ರಗಳು ಲೆಕ್ಕವಿಲ್ಲದೆ ಹೇರಿದ ಅಂತಸ್ತಿನಲ್ಲಿಯೇ ಇರುವುದು ವಿಚಿತ್ರ.

ಹದಿನೇಳನೆಯ ಶತಮಾನದಲ್ಲಿ ಒಡೆಯರ ದಿನಗಳು ತಿರುಗಿದುವು. ರಾಜನಿಗೂ ಪಾರ್ಲಿಮೆಂಟಿಗೂ 1642ರಲ್ಲಿ ಯುದ್ಧವು ಮೊದಲಾದಾಗ ಮೋರ್ಟನ್ನರು ರಾಜಪಕ್ಷವನ್ನು ಹಿಡಿದರು. 1643ರಲ್ಲಿ ಪಾರ್ಲಿಮೆಂಟಿನವರು ಮನೆಯನ್ನು ವಶಪಡಿಸಿಕೊಂಡು ಸೈನಿಕರನ್ನಿಳಿಸಿದರು. ಮೂರನೆಯ ವಿಲಿಯಂ 1654ರಲ್ಲಿ ತೀರಿಕೊಂಡಾಗ ಮೂರು ನಾಲ್ಕು ಸಾವಿರ ಪೌಂಡುಗಳ ಸಾಲವನ್ನು ಬಿಟ್ಟುಹೋದನು. 1670ರ ದಶಕದ ಕೊನೆಯ ವೇಳೆಗೆ ಮನೆತನದವರು ಅಲ್ಲಿ ವಾಸವನ್ನೇ ಬಿಟ್ಟು, ಮನೆಯನ್ನು ಒಕ್ಕಲುಗಳಿಗೆ ಗುತ್ತಿಗೆಗೆ ಕೊಟ್ಟರು. 1847ರ ಹೊತ್ತಿಗೆ ಬಹುಭಾಗ ಪಾಳುಬಿದ್ದು, ದೇವರ ಪ್ರಾರ್ಥನೆಯ ಕೋಣೆಯಲ್ಲಿ ಕಲ್ಲಿದ್ದಲನ್ನು ತುಂಬಿದ್ದರು.

ಆದರೆ ಈ ದುರ್ದೆಸೆಯೇ ಮನೆಗೆ ರಕ್ಷೆಯಾಯಿತು. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಭೂಮಾಲಿಕರಲ್ಲಿ ಅನೇಕರು ತಾತಂದಿರ ಮರದ ಮನೆಗಳನ್ನು ಕೆಡವಿ, ಇಟ್ಟಿಗೆ ಕಲ್ಲುಗಳಿಂದ ಸಮಪಾರ್ಶ್ವದ ಹೊಸ ಸೌಧಗಳನ್ನು ಕಟ್ಟಿಸಿದರು. ಕೈಯಲ್ಲಿ ಹಣವಿದ್ದಿದ್ದರೆ ಮೋರ್ಟನ್ನರೂ ಹಾಗೆಯೇ ಮಾಡುತ್ತಿದ್ದರೋ ಏನೋ. ಕೆಡವುವುದಕ್ಕೂ ಖರ್ಚು ಬೇಕು, ಅದೂ ಅವರಲ್ಲಿರಲಿಲ್ಲ.

ದಾರಿದ್ರ್ಯವು ಕೆಡವದೆ ಉಳಿಸೀತು, ಎತ್ತಿ ನಿಲ್ಲಿಸಲಾರದು. ಆ ಕಾರ್ಯ 1892ರಿಂದೀಚೆಗೆ ನಡೆಯಿತು. ಆ ವರ್ಷ ಆಸ್ತಿಗೆ ಹಕ್ಕುದಾರಳಾದ ಎಲಿಜಬೆತ್ ಮೋರ್ಟನ್ ಎಂಬ ಸಂನ್ಯಾಸಿನಿಯು ಪ್ರಾರ್ಥನಾಗೃಹವನ್ನು ಜೀರ್ಣೋದ್ಧಾರಮಾಡಿಸಿದಳು. ಮೊಗಸಾಲೆಗೆ ಉಕ್ಕಿನ ಸರಳುಗಳನ್ನು ಬಿಗಿಸಿದವಳೂ ಅವಳೇ ಇರಬಹುದೆಂಬ ಊಹೆಯಿದೆ. ಮನೆಯನ್ನು ಎಂದಿಗೂ ಮಾರಕೂಡದೆಂಬ ನಿಬಂಧನೆಯೊಡನೆ 1912ರಲ್ಲಿ ಅದನ್ನು ತನ್ನ ಬಂಧುವಾದ ಬಿಷಪ್ ಚಾರ್ಲ್ಸ್ ಏಬ್ರಹಾಮನಿಗೆ ಬಿಟ್ಟಳು. ಅವನು 1913ರಿಂದ ಆರು ಪೆನ್ಸ್ ಶುಲ್ಕವನ್ನಿಟ್ಟು ಜನರಿಗೆ ಬಾಗಿಲು ತೆರೆದನು. 1938ರಲ್ಲಿ ಮನೆಯು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಪಾಲಿಗೆ ಬಂದಿತು. 1977ರಲ್ಲಿ ಛಾವಣಿಯ ಚಪ್ಪಡಿಗಳು ಸಡಿಲಗೊಂಡುದು ಕಂಡುಬಂದು, ಆರು ಹಂತಗಳ ದುರಸ್ತಿ ಮೊದಲಾಯಿತು.

ಈ ದುರಸ್ತಿಯಲ್ಲಿ ಒಂದು ವಿವೇಕವಿದ್ದಿತು. ಮನೆಯ ಕಪ್ಪು ತೊಲೆ, ಬಿಳಿ ಗೋಡೆಗಳನ್ನು ಕಂಡವರು ಅದೇ ಟ್ಯೂಡರ್ ಅರಸರ ಕಾಲದ ಬಣ್ಣವೆಂದು ನಂಬುವುದುಂಟು. ವಾಸ್ತವವಾಗಿ ಆ ಕಪ್ಪು ಬಣ್ಣ ಹತ್ತೊಂಬತ್ತನೆಯ ಶತಮಾನದವರ ಅಭಿರುಚಿ. ಮೊದಲು ಓಕ್ ಮರವನ್ನು ಹಾಗೆಯೇ ಬಿಟ್ಟು, ಅದು ಬಿಸಿಲು ಮಳೆಗಳಿಗೆ ಬೆಳ್ಳಿಯ ಛಾಯೆಗೆ ತಿರುಗುವುದನ್ನೇ ಅಲಂಕಾರವೆಂದೆಣಿಸುತ್ತಿದ್ದರು. ಆದುದರಿಂದ ಹೊಸದಾಗಿ ಸೇರಿಸಿದ ಮರಗಳಿಗೆ ಬಣ್ಣ ಬಳಿಯದೆ ಸಹಜ ಸ್ಥಿತಿಯಲ್ಲಿಯೇ ಬಿಟ್ಟರು. ಹಳೆಯದಾವುದು, ಹೊಸದಾವುದು ಎಂಬುದು ನೋಡುವವನಿಗೆ ತಿಳಿಯುವುದು. ಬಾಗಿದುದನ್ನು ನೆಟ್ಟಗೆಮಾಡುವ ಹಟವನ್ನೂ ಅವರು ಹಿಡಿಯಲಿಲ್ಲ. ನೆಟ್ಟಗೆಮಾಡಹೋದರೆ ಶತಮಾನಗಳಿಂದ ಒಂದಕ್ಕೊಂದು ಒಗ್ಗಿದ ಕೀಲುಗಳೇ ಮುರಿಯುತ್ತಿದ್ದುವು. ಮನೆ ಬಾಗಿಯೇ ಇದೆ. ರಿಚರ್ಡ್ ಡೇಲನ ಹೆಸರು ಅದರ ಕಿಟಕಿಯ ಮೇಲೆ ಇದ್ದಲ್ಲಿಯೇ ಇದೆ.