ಗುಡ್ಡಗಳ ನಡುವಿನ ಕೆರೆಯಲ್ಲಿ ದೋಣಿ ವಿಹಾರ: ಅರಿತಿರಬೇಕಾದ ಅಂಶಗಳು

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕೆರೆಗಳ ಸೀಮೆ. ಹಿಂದೆ ಹಿರೇಕೆರೂರಿಗೆ ಸೇರಿದ್ದು ಈಗ ರಟ್ಟೀಹಳ್ಳಿ ತಾಲ್ಲೂಕಿನಲ್ಲಿರುವ ಮಾಸೂರಿನ ಮದಗದ ಕೆರೆಯನ್ನು ವಿಜಯನಗರದ ಕಾಲದಲ್ಲಿ ಕುಮುದ್ವತಿ ನದಿಗೆ ಅಡ್ಡಲಾಗಿ, ಗುಡ್ಡಗಳ ನಡುವೆ ಕಟ್ಟಲಾಯಿತು.

ಅಪಾಯಗಳು: ಇಂಥ ಕೆರೆಗಳು ದಡದ ಸಮೀಪದಲ್ಲೇ ಥಟ್ಟನೆ ಆಳವಾಗಬಹುದು. ಕಣಿವೆಯ ಗಾಳಿ ಸಣ್ಣ ದೋಣಿಯನ್ನು ದಡದಿಂದ ದೂರ ಒಯ್ಯಬಲ್ಲದು. ಕೋಡಿ ಹರಿಯುವಾಗ ನೀರಿನ ಸೆಳೆತ ಮೇಲ್ನೋಟಕ್ಕೆ ತಿಳಿಯದು. ಆ ದಿನಗಳಲ್ಲಿ ದೋಣಿ ಇಳಿಸದಿರುವುದೇ ಕ್ಷೇಮ.

ಸುರಕ್ಷತೆ: 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ, ಮಿತಿಮೀರಿ ಜನರನ್ನು ತುಂಬಿದ್ದ ದೋಣಿ ಸಮುದ್ರದಲ್ಲಿ ಮಗುಚಿ 16 ಮಂದಿ ಅಸುನೀಗಿದರು. ಮೃತರಲ್ಲಿ ಶಿಗ್ಗಾವಿ ತಾಲ್ಲೂಕಿನವರೂ ಇದ್ದರು. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ 12 ವಿದ್ಯಾರ್ಥಿಗಳು, ಇಬ್ಬರು ಶಿಕ್ಷಕಿಯರು ಮೃತಪಟ್ಟರು. ಕೆರೆಯ ನೀರು ನಿಂತಿದೆ ಎಂಬ ಧೈರ್ಯ ಸಲ್ಲದು. ಹತ್ತುವ ಮೊದಲು ಜನಮಿತಿ ಕೇಳಿ ತಿಳಿಯಬೇಕು. ಜೀವರಕ್ಷಕ ಜಾಕೆಟ್ ಕಾಲಬುಡದಲ್ಲಿದ್ದರೆ ಸಾಲದು. ಮೈಮೇಲಿದ್ದು ಪಟ್ಟಿ ಬಿಗಿದಿರಬೇಕು. ಮಕ್ಕಳಿಗೆ ಅವರ ಅಳತೆಯದೇ ಬೇಕು. ಚಿತ್ರ ತೆಗೆಯಲು ಎಲ್ಲರೂ ಒಂದೇ ಬದಿಗೆ ವಾಲಬಾರದು. ದೋಣಿ ಮಗುಚಿದರೆ ಅದನ್ನೇ ಹಿಡಿದು ತೇಲಬೇಕು.

ಪರಿಸರ: ಕೆರೆಗೆ ಹುಟ್ಟು ಅಥವಾ ಪೆಡಲ್ ದೋಣಿಯೇ ಸೂಕ್ತ. ಹಳೆಯ ಟೂ ಸ್ಟ್ರೋಕ್ ಎಂಜಿನ್‌ಗಳು ಉರಿಯದ ಇಂಧನವನ್ನೂ ಎಣ್ಣೆಯನ್ನೂ ನೀರಿಗೆ ಬಿಡುತ್ತವೆ. ವೇಗದ ಅಲೆಗಳು ದಂಡೆಯ ಮಣ್ಣನ್ನು ಕೊರೆಯುತ್ತವೆ. ಚಳಿಗಾಲದ ವಲಸೆ ಹಕ್ಕಿಗಳಿಂದ ದೂರವಿರಬೇಕು. ಬೇರೆ ಕೆರೆಯಿಂದ ತಂದ ದೋಣಿಯನ್ನು ತೊಳೆದು ಒಣಗಿಸದಿದ್ದರೆ ಅಂತರಗಂಗೆಯಂಥ ಕಳೆ ಹಬ್ಬುತ್ತದೆ.

ಕೆರೆಯ ಮೊದಲ ಹಕ್ಕು ರೈತರದು, ಮೀನುಗಾರರದು. ಅವರ ಬಲೆ ಹಾಗೂ ತೂಬುಗಳಿಗೆ ತೊಡಕಾಗದಂತೆ ವಿಹರಿಸುವುದು ಪ್ರವಾಸಿಗರ ಕರ್ತವ್ಯ.